ಚಿಲಕವಿರುವ ಕೋಣೆ, ಸುಖಾಂತದ ಕಥೆ

1819ರ ಲಂಡನ್. ಬುಧವಾರ ರಾತ್ರಿ ಬಂತೆಂದರೆ ಒಂದು ಗುಟ್ಟಿನ ಮನೆಯ ಕೋಣೆಯಲ್ಲಿ ಇಬ್ಬರು ಗಂಡಸರು ಸೇರುತ್ತಾರೆ. ಒಬ್ಬ ಬಡವರ ಬೀದಿಯವನು, ಇನ್ನೊಬ್ಬ ದೊಡ್ಡ ಮನೆತನದವನು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಮೈಯ ಹಸಿವು ತೀರಿದ ಮೇಲೆ ಪುಸ್ತಕ, ರಾಜಕೀಯ ಎಂದು ಗಂಟೆಗಟ್ಟಲೆ ವಾದಕ್ಕೆ ಕೂರುತ್ತಾರೆ. ಒಂದು ದಿನ ರಾಜದ್ರೋಹದ ಕರಪತ್ರಗಳನ್ನು ಹುಡುಕಿಕೊಂಡು ಗೃಹ ಇಲಾಖೆಯವರು ಒಂದು ಪುಸ್ತಕದಂಗಡಿಯ ಮೇಲೆ ದಾಳಿ ಮಾಡುತ್ತಾರೆ. ದಾಳಿಗೆ ಬಂದವನು ಡೊಮಿನಿಕ್ ಫ್ರೇ. ಅಂಗಡಿಯ ಮಾಲೀಕ ಸೈಲಸ್ ಮೇಸನ್. ಬುಧವಾರದ ಜೋಡಿ ಇವರೇ.

ಇಂಗ್ಲೆಂಡಿನ ಕೆ.ಜೆ. ಚಾರ್ಲ್ಸ್ 2015ರಲ್ಲಿ ಬರೆದ ‘ಎ ಸೆಡಿಷಿಯಸ್ ಅಫೇರ್’ ಕಾದಂಬರಿಯ ಗಂಟು ಇದು. ಕಥೆ ನಡೆಯುವ 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಮತದಾನದ ಹಕ್ಕು ಕೇಳಲು ಸೇರಿದ್ದ ಸುಮಾರು 60,000 ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದರು. ವರ್ಷ ಮುಗಿಯುವ ಹೊತ್ತಿಗೆ ಸಭೆ, ಪತ್ರಿಕೆಗಳ ಬಾಯಿ ಕಟ್ಟುವ ಆರು ಕಾಯಿದೆಗಳು ಬಂದವು. ಮರುವರ್ಷದ ಫೆಬ್ರುವರಿಯಲ್ಲಿ ಇಡೀ ಮಂತ್ರಿಮಂಡಲವನ್ನು ಊಟದ ಮೇಜಿನಲ್ಲೇ ಕೊಲ್ಲಲು ಹೊರಟ ಕೇಟೋ ಸ್ಟ್ರೀಟ್ ಸಂಚು ಬಯಲಾಯಿತು, ಮೇ 1ರಂದು ಐವರನ್ನು ಗಲ್ಲಿಗೇರಿಸಿದರು. ಇವೆಲ್ಲ ನಡೆದ ಸಂಗತಿಗಳು. ಇಂಥ ದಿನಗಳ ನಡುವೆ ಒಬ್ಬ ಬಂಡಾಯಗಾರ ಮತ್ತು ಒಬ್ಬ ಸರ್ಕಾರಿ ಮನುಷ್ಯ ಪ್ರೀತಿಸುತ್ತಾರೆ. ಕಾನೂನಿನ ಕಣ್ಣಿಗೆ ಬಿದ್ದರೆ ಇಬ್ಬರಿಗೂ ನೇಣೇ ಗತಿ. ಆದರೂ ಪುಸ್ತಕವನ್ನು ಕೈಗೆತ್ತಿಕೊಳ್ಳುವಾಗ ಓದುಗರಿಗೆ ಒಂದು ಮಾತು ಮೊದಲೇ ಗೊತ್ತಿರುತ್ತದೆ: ಇವರು ಸಾಯುವುದಿಲ್ಲ, ಬೇರೆಯಾಗುವುದೂ ಇಲ್ಲ.

ಆ ಭರವಸೆಯೇ ಈ ಪ್ರಕಾರದ ಉಸಿರು. ಹಳೆಯ ಕಾಲದಲ್ಲಿ ನಡೆಯುವ, ಗಂಡು ಗಂಡನ್ನು ಪ್ರೀತಿಸುವ, ಸುಖವಾಗಿ ಮುಗಿಯುವ ಪ್ರಣಯ ಕಾದಂಬರಿಗಳು ಇಂಗ್ಲಿಷಿನಲ್ಲಿ ಈಗ ಕಪಾಟುಗಟ್ಟಲೆ ಇವೆ. ಇವನ್ನು ನಾನು ಹಗಲು ರಾತ್ರಿ ಎನ್ನದೆ ಓದಿದ್ದೇನೆ, ಮತ್ತೆ ಮತ್ತೆ ಓದುತ್ತೇನೆ. ಮಾತಿನ ಚುರುಕು, ಕುದುರೆಗಾಡಿ, ಮಳೆಯಲ್ಲಿ ನೆನೆದ ಹಳ್ಳಿಯ ಬಂಗಲೆ, ಬೆಂಕಿಗೂಡಿನ ಮುಂದಿನ ಚಹ, ಎಲ್ಲ ಬಲ್ಲ ಅಡುಗೆಯಾಕೆ, ಮುಖ ನೋಡಿಯೇ ಮನಸ್ಸು ಓದುವ ಸೇವಕ, ಎಲ್ಲವೂ ನನಗೆ ಇಷ್ಟ. ಆದರೆ ಇವು ನನ್ನನ್ನು ಹಿಡಿದು ಕೂರಿಸಿದ್ದಕ್ಕೆ ಇನ್ನೂ ಒಂದು ಕಾರಣವಿದೆ. ಸಾಮಾನ್ಯ ಪ್ರಣಯ ಕಾದಂಬರಿಗೆ ಮುಕ್ತಾಯದ ಚಿಂತೆಯಿಲ್ಲ. ಮದುವೆಯಾಯಿತು, ಮುಗಿಯಿತು. ಮನೆ, ಆಸ್ತಿ, ಸಮಾಜದ ಒಪ್ಪಿಗೆ, ಒಂದೇ ಹಾಸಿಗೆ, ಒಂದೇ ಹೆಸರು ಎಲ್ಲವನ್ನೂ ಆ ಒಂದು ಅಧ್ಯಾಯ ಕೊಟ್ಟುಬಿಡುತ್ತದೆ. ಇಲ್ಲಿ ಮದುವೆಯಿಲ್ಲ. ಇಬ್ಬರು ಗಂಡಸರು ನಾಳೆಯಿಂದ ಎಲ್ಲಿ ಇರುತ್ತಾರೆ, ಯಾರ ಹೆಸರಿನಲ್ಲಿ ಇರುತ್ತಾರೆ, ಬಾಡಿಗೆ ಯಾರು ಕೊಡುತ್ತಾರೆ, ಕೆಲಸದವರಿಗೆ ಏನೆಂದು ಹೇಳುತ್ತಾರೆ ಎಂಬುದನ್ನೆಲ್ಲ ಲೇಖಕಿ ಪ್ರತಿ ಸಲವೂ ಹೊಸದಾಗಿ ಕಟ್ಟಬೇಕು. ಆ ಕಟ್ಟೋಣವನ್ನು ನೋಡುವುದೇ ನನಗೆ ಈ ಓದಿನ ದೊಡ್ಡ ಸುಖ.

ಇದು ಎಷ್ಟು ಗಂಭೀರ ಪ್ರಶ್ನೆ ಎಂದು ತಿಳಿಯಲು ಲಂಡನ್ನಿನ ಒಂದು ಬಾಡಿಗೆ ಕೋಣೆಗೆ ಹೋಗಬೇಕು. 1835ರಲ್ಲಿ ಜೇಮ್ಸ್ ಪ್ರಾಟ್ ಮತ್ತು ಜಾನ್ ಸ್ಮಿತ್ ಎಂಬ ಇಬ್ಬರು ಬಡವರು ಸೌತ್‌ವಾರ್ಕ್‌ನಲ್ಲಿ ಬೇರೊಬ್ಬ ಮುದುಕ ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ಸೇರಿದ್ದರು. ಮನೆಯ ಮಾಲೀಕ ಮತ್ತು ಅವನ ಹೆಂಡತಿ ಬೀಗದ ಕಿಂಡಿಯಿಂದ ಇಣುಕಿ ನೋಡಿದರು. ಆ ಸಾಕ್ಷ್ಯದ ಮೇಲೆ ನವೆಂಬರ್ 27ರಂದು ನ್ಯೂಗೇಟ್ ಜೈಲಿನ ಮುಂದೆ ಇಬ್ಬರನ್ನೂ ಗಲ್ಲಿಗೇರಿಸಿದರು. ಸಲಿಂಗಕಾಮಕ್ಕಾಗಿ ಇಂಗ್ಲೆಂಡಿನಲ್ಲಿ ನೇಣಿಗೇರಿದವರಲ್ಲಿ ಇವರೇ ಕೊನೆಯವರು. ಅದಕ್ಕೆ ಸ್ವಲ್ಪ ಮುಂಚೆ ಜೈಲು ನೋಡಲು ಹೋಗಿದ್ದ ತರುಣ ಚಾರ್ಲ್ಸ್ ಡಿಕನ್ಸ್ ಇವರನ್ನು ಕಂಡಿದ್ದ, ಹೆಸರು ಹೇಳದೆ ಅವರ ಬಗ್ಗೆ ಬರೆದಿದ್ದಾನೆ.

ಇವರನ್ನು ವಿಚಾರಣೆಗೆ ಒಪ್ಪಿಸಿದ ಮ್ಯಾಜಿಸ್ಟ್ರೇಟ್ ಹೆನ್ಸ್‌ಲೀ ವೆಜ್‌ವುಡ್ ಆಮೇಲೆ ಗೃಹಮಂತ್ರಿಗೆ ಪತ್ರ ಬರೆದು ಪ್ರಾಣ ಉಳಿಸಬೇಕೆಂದು ಕೇಳಿಕೊಂಡ. ಆ ಕೃತ್ಯ ಅವನ ಕಣ್ಣಿಗೂ ಹೇಯವೇ. ಆದರೂ ಅವನು ಒಂದು ಮಾತನ್ನು ಸ್ಪಷ್ಟವಾಗಿ ಕಂಡಿದ್ದ. ದುಡ್ಡಿದ್ದವನು ಒಂದಿಷ್ಟು ಖರ್ಚು ಮಾಡಿ ಯಾರೂ ಇಣುಕದ ಜಾಗ ಹುಡುಕಿಕೊಳ್ಳುತ್ತಾನೆ, ಆದ್ದರಿಂದ ಸಿಕ್ಕಿಬೀಳುವುದಿಲ್ಲ. ಬಡವನಿಗೆ ಬಾಗಿಲಿಲ್ಲ, ಆದ್ದರಿಂದ ನೇಣು. ಪತ್ರ ಉಪಯೋಗಕ್ಕೆ ಬರಲಿಲ್ಲ. ಇದನ್ನು ಓದಿದ ಮೇಲೆ ಕೆ.ಜೆ. ಚಾರ್ಲ್ಸ್‌ರ ಪಾತ್ರಗಳು ಮಾತು ನಿಲ್ಲಿಸಿ ಎದ್ದು ಹೋಗಿ ಬಾಗಿಲಿನ ಬೀಗದಲ್ಲಿ ಕೀಲಿ ತಿರುಗಿಸುವಾಗ ಆ ಸಣ್ಣ ವಿವರ ನನಗೆ ಬೇರೆಯದೇ ತೂಕದಿಂದ ಕೇಳಿಸುತ್ತದೆ.

ಹಗುರ ಎನ್ನುವ ಮಾತನ್ನು ಈ ಪುಸ್ತಕಗಳ ಮಟ್ಟಿಗೆ ನಾನು ಹೊಗಳಿಕೆಯಾಗಿಯೇ ಬಳಸುತ್ತೇನೆ. ಒಳ್ಳೆಯ ಲೇಖಕಿ ನೇಣನ್ನು ಮರೆತು ಹಗುರವಾಗುವುದಿಲ್ಲ. ಅಪಾಯದ ಅಳತೆ ಅವಳಿಗೆ ಅಂಗುಲ ಅಂಗುಲವಾಗಿ ಗೊತ್ತು. ಗೊತ್ತಿದ್ದೇ ತನ್ನ ಜನರನ್ನು ಅದರ ನಡುವೆ ದಾಟಿಸುತ್ತಾಳೆ. ಓದುವಾಗ ಎದೆ ಬಡಿದುಕೊಳ್ಳುವುದು ‘ಬದುಕುತ್ತಾರಾ’ ಎಂದು ಅಲ್ಲ, ‘ಹೇಗೆ ಬದುಕುತ್ತಾರೆ’ ಎಂದು.

ಈ ‘ಹೇಗೆ’ ಎಂಬ ಪ್ರಶ್ನೆಯ ಮುಂದೆ ದೊಡ್ಡ ಲೇಖಕರೊಬ್ಬರು ತಡವರಿಸಿದ್ದರು. ಇ.ಎಂ. ಫಾರ್ಸ್ಟರ್ 1913-14ರಲ್ಲಿ ‘ಮಾರಿಸ್’ ಬರೆದರು. ಮಧ್ಯಮವರ್ಗದ ಮಾರಿಸ್ ಹಾಲ್, ಬೇಟೆಕಾಡಿನ ಕಾವಲುಗಾರ ಅಲೆಕ್ ಸ್ಕಡರ್, ಇಬ್ಬರೂ ಕೊನೆಗೆ ಒಂದಾಗುತ್ತಾರೆ. ಸುಖಾಂತವೇ ಆಗಬೇಕು ಎಂದು ಫಾರ್ಸ್ಟರ್ ಹಟ ಹಿಡಿದಿದ್ದರು. ಒಬ್ಬ ನೇಣು ಹಾಕಿಕೊಂಡಿದ್ದರೆ ಪುಸ್ತಕವನ್ನು ಅಚ್ಚು ಹಾಕಿಸುವುದು ಸುಲಭವಿತ್ತೆಂದು ಅವರಿಗೇ ಗೊತ್ತಿತ್ತು. ಹಸ್ತಪ್ರತಿ ಗೆಳೆಯರ ಕೈಯಿಂದ ಕೈಗೆ ಓಡಾಡಿತು. 1970ರಲ್ಲಿ ಅವರು ತೀರಿಕೊಂಡು ಮರುವರ್ಷ, ಬರೆದು ಐವತ್ತೇಳು ವರ್ಷವಾದ ಮೇಲೆ ಪ್ರಕಟವಾಯಿತು. ಆದರೆ ಆ ಇಬ್ಬರು ಎಲ್ಲಿಗೆ ಹೋದರು? ಕಾಡಿಗೆ. ಹಸಿರಿನೊಳಗೆ ಕರಗಿಹೋದರು. ಅವರು ಮರ ಕಡಿದು ಬದುಕುತ್ತಿರುವ ಒಂದು ಉಪಸಂಹಾರವನ್ನೂ ಫಾರ್ಸ್ಟರ್ ಬರೆದಿದ್ದರು, ಹಿಡಿಸದೆ ಕೈಬಿಟ್ಟರು. ಮರಕಡಿಯುವವರ ಮನೆಯಲ್ಲಿ ಸಾಯಂಕಾಲ ದೀಪ ಹಚ್ಚಿದ ಮೇಲೆ ಏನು ನಡೆಯುತ್ತದೆ ಎಂದು ಬರೆಯಲು ಅವರಿಗೆ ಆಗಲಿಲ್ಲವೇನೋ. ‘ಮಾರಿಸ್’ ನನಗೆ ತುಂಬ ಪ್ರಿಯವಾದ ಪುಸ್ತಕ. ಇಂದಿನ ಹಗುರ ಕಾದಂಬರಿಗಳು ಫಾರ್ಸ್ಟರ್ ನಿಲ್ಲಿಸಿದ ಕಾಡಿನ ಅಂಚಿನಿಂದ ಆ ಇಬ್ಬರನ್ನು ವಾಪಸು ಕರೆದು ಊರೊಳಗೆ, ಅಡುಗೆಮನೆಯಿರುವ ಮನೆಯೊಳಗೆ ಕೂರಿಸುತ್ತವೆ ಎಂದು ನನ್ನ ಲೆಕ್ಕ.

ಕೂರಿಸುವ ಬಗೆಗಳನ್ನು ನೋಡಿ. ಅಮೆರಿಕದ ಕ್ಯಾಟ್ ಸೆಬಾಸ್ಟಿಯನ್‌ರ ‘ದ ಲಾರೆನ್ಸ್ ಬ್ರೌನ್ ಅಫೇರ್’ (2017) ಕಾದಂಬರಿಯಲ್ಲಿ ಕಾರ್ನ್‌ವಾಲ್‌ನ ಪಾಳುಬಿದ್ದ ದೊಡ್ಡ ಮನೆಯೊಳಗೆ ಒಬ್ಬ ಅರ್ಲ್ ತಂತಿ ಸಂದೇಶದ ಯಂತ್ರ ಕಟ್ಟುತ್ತಾ ಒಬ್ಬನೇ ಕೂತಿದ್ದಾನೆ. ತನಗೆ ವಂಶದ ಹುಚ್ಚು ಹಿಡಿದಿದೆ ಎಂಬುದು ಅವನ ನಂಬಿಕೆ. ಅಲ್ಲಿಗೆ ಕಾರ್ಯದರ್ಶಿಯ ವೇಷದಲ್ಲಿ ಜಾರ್ಜಿ ಟರ್ನರ್ ಎಂಬ ಲಂಡನ್ನಿನ ಠಕ್ಕ ಬರುತ್ತಾನೆ. ಮೊದಲು ಮನೆಯ ಕಾಗದಪತ್ರ ಸರಿಮಾಡುತ್ತಾನೆ, ಆಮೇಲೆ ಮನುಷ್ಯನ ದಿನಚರಿ. ಕಾರ್ಯದರ್ಶಿ ಎಂದರೆ ಎಂಥ ಒಳ್ಳೆಯ ಮುಸುಕು! ಹಗಲೆಲ್ಲ ಒಟ್ಟಿಗಿರಬಹುದು, ಒಂದೇ ಸೂರಿನಡಿ ಮಲಗಬಹುದು, ಪ್ರಯಾಣಕ್ಕೆ ಜೊತೆಗೆ ಹೋಗಬಹುದು. ಅದೇ ಲೇಖಕಿಯ ‘ದ ಕ್ವೀರ್ ಪ್ರಿನ್ಸಿಪಲ್ಸ್ ಆಫ್ ಕಿಟ್ ವೆಬ್’ (2021) 1751ರ ಲಂಡನ್ನಿನ ಒಂದು ಕಾಫಿಮನೆಯಲ್ಲಿ ನಡೆಯುತ್ತದೆ. ಮಾಲೀಕ ಕಾಲು ಕುಂಟಾದ ಮಾಜಿ ದಾರಿಗಳ್ಳ. ದಿನವೂ ಪೌಡರು ಹಚ್ಚಿದ ವಿಗ್ಗು, ರೇಷ್ಮೆ ಕೋಟು ತೊಟ್ಟು ಬಂದು ಕೂರುವವನು ಡ್ಯೂಕನ ಮಗ. ಕಾಫಿಮನೆಗೆ ಯಾರೂ ಬರಬಹುದು, ಎಷ್ಟು ಹೊತ್ತಾದರೂ ಕೂರಬಹುದು. ನಗರ ಕೊಡುವ ಆ ಸ್ವಾತಂತ್ರ್ಯವನ್ನು ಲೇಖಕಿ ಸೊಗಸಾಗಿ ಹಿಡಿದಿದ್ದಾರೆ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಚಾರ್ಲ್ಸ್‌ರ ‘ಆ್ಯನ್ ಅನ್‌ಸೀನ್ ಅಟ್ರಾಕ್ಷನ್’ (2017). ಕಾಲ 1873. ಕ್ಲೆಮ್ ಟ್ಯಾಲಿಫರ್ ಬಾಡಿಗೆ ಕೋಣೆಗಳ ಒಂದು ಮನೆಯನ್ನು ನಡೆಸುತ್ತಾನೆ. ಅವನ ತಾಯಿ ಭಾರತದವಳು. ಕೈಯಿಂದ ವಸ್ತುಗಳು ಜಾರುತ್ತವೆ, ಜನ ಸುತ್ತಿಬಳಸಿ ಆಡಿದ ಮಾತು ತಲೆಗೆ ಹೋಗುವುದಿಲ್ಲ. ಆದರೆ ಯಾರಿಗೆ ಏನು ಬೇಕೆಂಬುದನ್ನು ಅವನಷ್ಟು ಗಮನಿಸುವವರಿಲ್ಲ. ಬಾಡಿಗೆದಾರ ರೋಲಿ ಗ್ರೀನ್ ಪಕ್ಕದಲ್ಲೇ ಅಂಗಡಿ ಇಟ್ಟುಕೊಂಡು ಸತ್ತ ಪ್ರಾಣಿಪಕ್ಷಿಗಳ ಚರ್ಮ ಹದಮಾಡಿ ಜೀವಂತವಿದ್ದಂತೆ ನಿಲ್ಲಿಸುವವನು. ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆಯ ಹುಲಿ ಚಿರತೆಗಳನ್ನು ನೋಡಿದ ನಮ್ಮವರಿಗೆ ಈ ಕಸುಬು ಅಪರಿಚಿತವಲ್ಲ. ದಿನದ ಕೆಲಸ ಮುಗಿಸಿ ಇಬ್ಬರೂ ಬೆಂಕಿಯ ಮುಂದೆ ಚಹ ಕುಡಿಯುತ್ತಾರೆ. ಅಷ್ಟೇ. ಆ ಚಹದ ಹೊತ್ತಿಗೆ ಕಾಯುವುದೇ ಪ್ರೀತಿಯಾಗುತ್ತಾ ಹೋಗುತ್ತದೆ. ಹೊರಗೆ ಆ ಡಿಸೆಂಬರಿನ ಲಂಡನ್ ಮಂಜು. ಇಸ್ಲಿಂಗ್ಟನ್ನಿನ ಜಾನುವಾರು ಪ್ರದರ್ಶನಕ್ಕೆ ತಂದಿದ್ದ ದನಗಳು ಉಸಿರುಗಟ್ಟಿ ಸಾಯುವಷ್ಟು ದಟ್ಟ. ಕಥೆಯಲ್ಲಿ ಕೊಲೆಯಿದೆ, ಆಸ್ತಿಯ ಗುಟ್ಟಿದೆ, ಅಟ್ಟಿಸಿಕೊಂಡು ಬರುವವರಿದ್ದಾರೆ. ಆದರೂ ಪುಸ್ತಕದ ಎದೆ ಇರುವುದು ಒಂದು ಚಹದ ಕೆಟಲಿನ ಸುತ್ತ. ಬಾಡಿಗೆಮನೆ ನಡೆಸುವವನು ಮತ್ತು ಬಾಡಿಗೆದಾರ ಒಂದೇ ಮನೆಯಲ್ಲಿರುವುದು ಲೋಕದ ಕಣ್ಣಿಗೆ ಅತ್ಯಂತ ಸಹಜ. ಪ್ರಾಟ್ ಮತ್ತು ಸ್ಮಿತ್‌ಗೆ ಸಿಗದ ಕೋಣೆಯನ್ನು ಚಾರ್ಲ್ಸ್ ಇವರಿಗೆ ಕೊಟ್ಟಿದ್ದಾರೆ, ಕೀಲಿಯನ್ನು ಇವರ ಜೇಬಿಗೇ ಹಾಕಿದ್ದಾರೆ.

ಇದೆಲ್ಲ ಇಂದಿನವರ ಆಸೆಯನ್ನು ಹಿಂದಿನವರ ಮೇಲೆ ಹೊದಿಸಿದ್ದು, ಆಗ ಹೀಗೆ ಯಾರು ಬದುಕಿದ್ದರು ಎಂದು ಕೇಳುವವರಿದ್ದಾರೆ. ಬದುಕಿದ್ದರು. ಅವರ ಸುದ್ದಿ ನಮಗೆ ಕಡಿಮೆ ಗೊತ್ತಿರುವುದಕ್ಕೆ ಕಾರಣ ದಾಖಲೆಯ ಸ್ವಭಾವ. ಓಲ್ಡ್ ಬೇಲಿ ನ್ಯಾಯಾಲಯದ 1674ರಿಂದ 1913ರವರೆಗಿನ ವಿಚಾರಣೆಗಳನ್ನು ಇಂದು ಯಾರು ಬೇಕಾದರೂ ಕುಳಿತಲ್ಲೇ ಓದಬಹುದು. 1726ರಲ್ಲಿ ಲಂಡನ್ನಿನ ‘ಮದರ್ ಕ್ಲಾಪ್’ ಎಂಬಾಕೆಯ ಮನೆಯ ಮೇಲೆ ನಡೆದ ದಾಳಿಯ ಕಥೆ ಅಲ್ಲಿಂದಲೇ ನಮಗೆ ಸಿಕ್ಕಿದ್ದು. ಗಂಡಸರು ಗಂಡಸರೊಡನೆ ಕುಣಿದು, ಹಾಡಿ, ಪ್ರೀತಿಸಿ ಹೋಗುತ್ತಿದ್ದ ಮನೆ ಅದು. ಆದರೆ ಅಲ್ಲಿ ದಾಖಲಾದವರೆಲ್ಲ ಸಿಕ್ಕಿಬಿದ್ದವರು. ಮೂವತ್ತು ವರ್ಷ ನೆಮ್ಮದಿಯಾಗಿ ಒಟ್ಟಿಗಿದ್ದು ಮುಪ್ಪಿನಲ್ಲಿ ಸತ್ತವರ ಬಗ್ಗೆ ಪೊಲೀಸನಿಗೆ ಬರೆಯಲು ಏನಿರುತ್ತದೆ?

ಅಪರೂಪಕ್ಕೆ ಒಂದೆರಡು ಜೋಡಿಗಳು ಬೆಳಕಿಗೆ ಬಂದಿವೆ. ಅವರಲ್ಲಿ ಎಡ್ವರ್ಡ್ ಕಾರ್ಪೆಂಟರ್ ಮತ್ತು ಜಾರ್ಜ್ ಮೆರಿಲ್ ಎಂದರೆ ನನಗೆ ವಿಶೇಷ ಅಕ್ಕರೆ. ಕಾರ್ಪೆಂಟರ್ ಕೇಂಬ್ರಿಜ್‌ನಲ್ಲಿ ಓದಿದ ಸಮಾಜವಾದಿ, ಕವಿ. 1890ರಲ್ಲಿ ಸಿಲೋನ್ ಮತ್ತು ಭಾರತಕ್ಕೆ ಬಂದು ಹೋದವನು. ಮೆರಿಲ್ ಶೆಫೀಲ್ಡಿನ ಕೊಳೆಗೇರಿಯಲ್ಲಿ ಬೆಳೆದವನು, ಶಾಲೆಯ ಓದು ಅಷ್ಟಕ್ಕಷ್ಟೆ. 1898ರಲ್ಲಿ ಮೆರಿಲ್ ತನ್ನ ಸಾಮಾನು ಸರಂಜಾಮಿನೊಡನೆ ಡಾರ್ಬಿಶೈರಿನ ಮಿಲ್‌ಥಾರ್ಪ್ ಹಳ್ಳಿಯ ಕಾರ್ಪೆಂಟರನ ಮನೆಗೆ ಬಂದ. ಲೋಕಕ್ಕೆ ಅವನು ಮನೆವಾರ್ತೆ ನೋಡಿಕೊಳ್ಳುವ ಆಳು. ಅಡುಗೆ, ಮನೆಗೆಲಸ ಅವನದು. ತೋಟ, ಬರವಣಿಗೆ, ಚಪ್ಪಲಿ ಹೊಲಿಯುವುದು ಕಾರ್ಪೆಂಟರನದು. ಆ ಚಪ್ಪಲಿಯ ಮಾದರಿ ಕಾಶ್ಮೀರದಿಂದ ಬಂದದ್ದು. ಆಸ್ಕರ್ ವೈಲ್ಡ್‌ಗೆ ಎರಡು ವರ್ಷ ಕಠಿಣ ಸಜೆಯಾಗಿ ಇನ್ನೂ ಮೂರೇ ವರ್ಷವಾಗಿತ್ತು, ಆ ಭಯ ಗಾಳಿಯಲ್ಲಿತ್ತು. ಆದರೂ ಇವರು ಮೂವತ್ತು ವರ್ಷ ಜೊತೆಗಿದ್ದರು. 1928ರ ಜನವರಿಯಲ್ಲಿ ಮೆರಿಲ್ ಹೋದ, ಮರುವರ್ಷ ಕಾರ್ಪೆಂಟರ್. ಗಿಲ್ಡ್‌ಫರ್ಡಿನಲ್ಲಿ ಇಬ್ಬರಿಗೂ ಒಂದೇ ಸಮಾಧಿ. ಫಾರ್ಸ್ಟರ್‌ಗೆ ‘ಮಾರಿಸ್’ ಹೊಳೆದದ್ದು ಇದೇ ಮನೆಗೆ ಹೋಗಿದ್ದಾಗ, ಅದೂ ಮೆರಿಲ್ ಫಾರ್ಸ್ಟರರ ಬೆನ್ನ ಕೆಳಗೆ ಮೆಲ್ಲಗೆ ಕೈಯಿಟ್ಟಾಗ. ಕಣ್ಣೆದುರಿಗೇ ಅಡುಗೆಮನೆಯಿದ್ದ ಸುಖಾಂತವನ್ನು ಕಂಡೂ ಅವರು ತಮ್ಮ ಪಾತ್ರಗಳನ್ನು ಕಾಡಿಗೆ ಕಳಿಸಿದ್ದು ನನ್ನನ್ನು ಈಗಲೂ ಕಾಡುತ್ತದೆ.

ಹೆಂಗಸರ ಜೋಡಿಗಳಿಗೆ ನೇಣಿನ ಭಯವಿರಲಿಲ್ಲ. ಐರ್ಲೆಂಡಿನಿಂದ ಓಡಿಬಂದ ಎಲೀನರ್ ಬಟ್ಲರ್ ಮತ್ತು ಸಾರಾ ಪಾನ್ಸನ್‌ಬಿ 1780ರಿಂದ ವೇಲ್ಸಿನ ಲಾಂಗೋಲೆನ್ನಿನಲ್ಲಿ ಅರ್ಧ ಶತಮಾನ ಮನೆ ಮಾಡಿಕೊಂಡಿದ್ದರು. ವರ್ಡ್ಸ್‌ವರ್ತ್, ಸ್ಕಾಟ್ ಅವರ ಮನೆಗೆ ಅತಿಥಿಗಳಾಗಿ ಹೋಗಿದ್ದರು.

ಸುತ್ತಲಿನವರ ಮನಸ್ಸು? ಕಾದಂಬರಿಗಳಲ್ಲಿ ತಂಗಿ, ಗೆಳೆಯ, ವೈದ್ಯ, ಸೇವಕ ಯಾರಾದರೂ ಒಬ್ಬರು ಸುಮ್ಮನೆ ಒಪ್ಪಿಕೊಂಡುಬಿಡುತ್ತಾರೆ. ಅದು ಅಸಂಭವ ಎಂದು ವಿಮರ್ಶಕರು ಮೂಗು ಮುರಿಯುತ್ತಿದ್ದರು. 2020ರಲ್ಲಿ ಯಾರ್ಕ್‌ಶೈರಿನ ವೇಕ್‌ಫೀಲ್ಡ್ ಗ್ರಂಥಾಲಯದಲ್ಲಿದ್ದ ಮ್ಯಾಥ್ಯೂ ಟಾಮ್ಲಿನ್ಸನ್ ಎಂಬ ರೈತನ ದಿನಚರಿಯನ್ನು ಆಕ್ಸ್‌ಫರ್ಡಿನ ಸಂಶೋಧಕರೊಬ್ಬರು ಬೆಳಕಿಗೆ ತಂದರು. ನೌಕಾಪಡೆಯ ವೈದ್ಯನೊಬ್ಬನನ್ನು ಸಲಿಂಗಕಾಮದ ಅಪರಾಧಕ್ಕಾಗಿ ಗಲ್ಲಿಗೇರಿಸಿದ ಸುದ್ದಿ ಓದಿ ಟಾಮ್ಲಿನ್ಸನ್ 1810ರ ಜನವರಿ 14ರಂದು ಬರೆದ ಪುಟ ಅದರಲ್ಲಿದೆ. ಚಿಕ್ಕಂದಿನಿಂದಲೇ ಮನುಷ್ಯನಲ್ಲಿ ಇಂಥ ಒಲವು ಇರುವುದಾದರೆ ಅದು ಹುಟ್ಟುಗುಣವೇ ಆಗಬೇಕು, ದೇವರು ಇಟ್ಟ ಗುಣಕ್ಕೆ ಮನುಷ್ಯ ಸಾವಿನ ಶಿಕ್ಷೆ ಕೊಡುವುದು ಕ್ರೌರ್ಯ ಎಂಬ ದಿಕ್ಕಿನಲ್ಲಿ ಅವನ ಯೋಚನೆ ಸಾಗುತ್ತದೆ. ತತ್ವಜ್ಞಾನಿ ಜೆರೆಮಿ ಬೆಂಥಮ್ ಸುಮಾರು 1785ರಲ್ಲೇ ಈ ಕಾನೂನಿನ ವಿರುದ್ಧ ಪ್ರಬಂಧ ಬರೆದಿದ್ದ, ಅಚ್ಚು ಹಾಕಿಸುವ ಧೈರ್ಯ ಮಾಡಲಿಲ್ಲ. ಅದು ಪ್ರಕಟವಾದದ್ದು 1978ರಲ್ಲಿ. ಆದರೆ ಬೆಂಥಮ್ ದೊಡ್ಡ ಪಂಡಿತ. ಹೊಲ ಉಳುವ, ಚರ್ಚಿಗೆ ಹೋಗುವ ಟಾಮ್ಲಿನ್ಸನ್ ಸಂಜೆ ಮನೆಗೆ ಬಂದು ಒಬ್ಬನೇ ಕುಳಿತು ಇದನ್ನು ಯೋಚಿಸಿದ್ದ ಎಂಬುದು ನನಗೆ ಹೆಚ್ಚು ಅಮೂಲ್ಯ. ಆ ಊರಿನಲ್ಲಿ ಅಂಥ ಜೋಡಿಯೊಂದು ಬಾಡಿಗೆ ಕೇಳಿಕೊಂಡು ಬಂದಿದ್ದರೆ ಅವನು ಕಿಂಡಿಯಿಂದ ಇಣುಕುತ್ತಿರಲಿಲ್ಲ ಎಂದು ನಂಬಬಹುದು.

ಈಗ ಬರಿಯ ಆನಂದದ ಮಾತು. ಈ ಕಾದಂಬರಿಗಳ ಅಜ್ಜಿ ಜಾರ್ಜೆಟ್ ಹೇಯರ್. 1811ರಿಂದ 1820ರವರೆಗಿನ ರೀಜೆನ್ಸಿ ಕಾಲವನ್ನು, ಅದರ ಕ್ರಾವಟ್ಟು, ನರ್ತನಕೂಟ, ಬಾಯಿಚಾಳಿಯ ಸಮೇತ ಪ್ರಣಯ ಕಾದಂಬರಿಯ ತವರಾಗಿಸಿದವರು ಅವರು. ‘ರೀಜೆನ್ಸಿ ಬಕ್’ ಬಂದದ್ದು 1935ರಲ್ಲಿ. ಅವರ ಲೋಕದಲ್ಲಿ ಬಡವರಿಗೆ, ಯೆಹೂದಿಗಳಿಗೆ ಗೌರವದ ಜಾಗವಿಲ್ಲ. ಚಾರ್ಲ್ಸ್ ಆ ಸೊಬಗನ್ನೆಲ್ಲ ಪ್ರೀತಿಯಿಂದ ಎತ್ತಿಕೊಂಡು ಬಾಗಿಲನ್ನು ಅಗಲ ಮಾಡಿದ್ದಾರೆ. ‘ಬ್ಯಾಂಡ್ ಸಿನಿಸ್ಟರ್’ (2018) ಅದಕ್ಕೆ ಚೊಕ್ಕ ಉದಾಹರಣೆ. ಹಳ್ಳಿಯ ಬಡ ಕುಲೀನ ಗೈ ಫ್ರಿಸ್ಬಿ ಲ್ಯಾಟಿನ್ ಓದಿಕೊಂಡು ಮರ್ಯಾದೆಗೆ ಹೆದರಿ ಬದುಕುವ ಹುಡುಗ. ಅವನ ತಂಗಿ ಅಮಾಂಡಾ ಕುದುರೆಯಿಂದ ಬಿದ್ದು ಕಾಲು ಮುರಿದುಕೊಳ್ಳುತ್ತಾಳೆ, ಅದೂ ಊರೇ ಶಾಪ ಹಾಕುವ ಸರ್ ಫಿಲಿಪ್ ರುಕ್‌ವುಡ್‌ನ ಜಮೀನಿನಲ್ಲಿ. ತಂಗಿಯ ಆರೈಕೆಗೆ ಗೈ ಆ ಮನೆಗೆ ಬಂದು ನಿಲ್ಲಬೇಕಾಗುತ್ತದೆ. ನರಕದ ಬಾಗಿಲು ಎಂದುಕೊಂಡ ಮನೆಯಲ್ಲಿ ನಡೆಯುತ್ತಿರುವುದೇನು? ಒಂದಿಷ್ಟು ಗೆಳೆಯರು ಊಟದ ಮೇಜಿನ ಸುತ್ತ ಕುಳಿತು ಭೂಮಿಯ ವಯಸ್ಸು, ದೇವರು, ಪಳೆಯುಳಿಕೆ ಎಂದು ತಲೆ ಬಿಸಿಮಾಡಿಕೊಂಡು ಚರ್ಚಿಸುತ್ತಿದ್ದಾರೆ. ಫಿಲಿಪ್ ತನ್ನ ಹೊಲದಲ್ಲಿ ಸಕ್ಕರೆ ಬೀಟ್ ಬೆಳೆಯಲು ಹೆಣಗುತ್ತಿದ್ದಾನೆ. ಕೆರಿಬಿಯನ್ ಗುಲಾಮರ ಬೆವರಿನ ಕಬ್ಬಿನ ಸಕ್ಕರೆಗೆ ಬದಲು ಹುಡುಕುವ ಪ್ರಯತ್ನ ಅದು. ಬ್ರಿಟನ್ನು 1807ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಿದ್ದರೂ ಗುಲಾಮಗಿರಿಯನ್ನು ನಿಲ್ಲಿಸುವ ಕಾಯಿದೆಗೆ 1833ರವರೆಗೆ ಕಾಯಬೇಕಿತ್ತು. ಪ್ರಣಯ ಕಾದಂಬರಿಯೊಂದರ ನಾಯಕನ ಗುಣವನ್ನು ಅವನು ಹೊಲದಲ್ಲಿ ಏನು ಬೆಳೆಯುತ್ತಾನೆ ಎಂಬುದರಿಂದ ತೋರಿಸುವುದು ನನಗೆ ಬಹಳ ಹಿಡಿಸಿತು. ಗೈ ಆ ಮನೆಯಲ್ಲಿ ಮೆಲ್ಲಮೆಲ್ಲಗೆ ಬಿಚ್ಚಿಕೊಳ್ಳುವುದನ್ನು ಓದುವಾಗ ಮುಖದ ಮೇಲೆ ನಗು ಬಂದು ಕೂತರೆ ಹೋಗುವುದಿಲ್ಲ.

ಇನ್ನೊಂದು, ‘ದ ಸೀಕ್ರೆಟ್ ಲೈವ್ಸ್ ಆಫ್ ಕಂಟ್ರಿ ಜೆಂಟಲ್‌ಮೆನ್’ (2023). ಕೆಂಟ್ ಕರಾವಳಿಯ ರಾಮ್ನಿ ಜವುಗಿನಲ್ಲಿ ಕಳ್ಳಸಾಗಣೆ ಮನೆತನದ ಕಸುಬು. ಜಾಸ್ ಡೂಮ್ಸ್‌ಡೇ ಅದರ ಮುಖಂಡ. ನೀರಿನ ಹುಳುಗಳನ್ನು ಹುಡುಕಿಕೊಂಡು ಕೆಸರಿನಲ್ಲಿ ಅಲೆಯುವ ಗ್ಯಾರೆತ್ ಈಗಷ್ಟೇ ಅಲ್ಲಿಯ ಜಮೀನಿಗೆ ವಾರಸುದಾರನಾಗಿ ಬಂದವನು. ಇಬ್ಬರೂ ಹಿಂದೆ ಲಂಡನ್ನಿನಲ್ಲಿ ಹೆಸರು ಹೇಳದೆ ಭೇಟಿಯಾಗಿದ್ದರು. ಒಬ್ಬನಿಗೆ ‘ಲಂಡನ್’ ಎಂದು, ಇನ್ನೊಬ್ಬನಿಗೆ ‘ಕೆಂಟ್’ ಎಂದು ಅಡ್ಡಹೆಸರು. ಇವರು ನ್ಯಾಯಾಲಯದಲ್ಲಿ ಎದುರುಬದುರಾಗುವ ದೃಶ್ಯದ ಬಿಗಿ ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆಯಿಲ್ಲ.

ಆಕ್ಷೇಪಗಳಿವೆ, ಅವನ್ನು ತಳ್ಳಿಹಾಕಲಾರೆ. ಡ್ಯೂಕು, ಅರ್ಲುಗಳು ಅತಿಯಾದರು ಎಂಬುದು ಒಂದು. ಅಂಥ ಮನೆತನಗಳು ಬೆರಳೆಣಿಕೆಯಷ್ಟಿದ್ದ ದೇಶದಲ್ಲಿ ಬೀದಿಗೊಬ್ಬ ಡ್ಯೂಕ್ ಸಿಗುತ್ತಾನೆ. ಇನ್ನೊಂದು ಇನ್ನೂ ಗಟ್ಟಿಯಾದದ್ದು: ಬರೆಯುವವರಲ್ಲೂ ಓದುವವರಲ್ಲೂ ಹೆಂಗಸರೇ ಹೆಚ್ಚು, ಗಂಡಸರ ಪ್ರೀತಿಯನ್ನು ಇವರು ಗೊಂಬೆಯಾಟ ಮಾಡಿಕೊಂಡಿಲ್ಲವೇ? ಕೆಲವು ಪುಸ್ತಕಗಳ ಮಟ್ಟಿಗೆ ಇದು ನಿಜ. ಚಂದದ ಮುಖ, ಚಂದದ ಬಟ್ಟೆ, ಮೈಯ ವರ್ಣನೆ ಬಿಟ್ಟರೆ ಒಳಗೆ ಯಾರೂ ಇರುವುದಿಲ್ಲ. ಆದರೆ ಒಳ್ಳೆಯವರ ಕೈಯಲ್ಲಿ ಈ ಕಥೆಗಳು ಅಧಿಕಾರದ ಬಗ್ಗೆ ಸೂಕ್ಷ್ಮವಾಗಿ ಯೋಚಿಸುತ್ತವೆ. ಚಾರ್ಲ್ಸ್‌ರ ‘ಎ ಜೆಂಟಲ್‌ಮನ್ಸ್ ಪೊಸಿಷನ್’ (2016) ಪೂರ್ತಿ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಲಾರ್ಡ್ ರಿಚರ್ಡ್ ವೇನ್ ತನ್ನ ಖಾಸಾ ಸೇವಕ ಡೇವಿಡ್ ಸಿಪ್ರಿಯನ್‌ನನ್ನು ಪ್ರೀತಿಸುತ್ತಾನೆ. ಸಂಬಳ ಕೊಡುವವನು ಕೇಳಿದರೆ ಸೇವಕ ‘ಬೇಡ’ ಎನ್ನುವುದು ಹೇಗೆ? ಹಾಗಾದರೆ ಅವನ ‘ಹೂಂ’ಗೆ ಬೆಲೆ ಏನು? ರಿಚರ್ಡ್ ದೂರ ಸರಿಯುತ್ತಾನೆ. ಆದರೆ ತನ್ನ ಪರವಾಗಿ ತೀರ್ಮಾನ ಮಾಡಲು ಇವನು ಯಾರು ಎಂದು ಡೇವಿಡ್‌ಗೆ ರೋಷ. ಕೆಲಸ ಬಿಟ್ಟು ಹೊರಟ ಮೇಲೆಯೇ ಇಬ್ಬರಿಗೂ ಸಮನಾಗಿ ನಿಂತು ಮಾತಾಡುವ ಜಾಗ ಸಿಗುತ್ತದೆ. ಗಂಡು ಹೆಣ್ಣಿನ ಪ್ರಣಯ ಕಥೆಗಳಲ್ಲಿ ಯಜಮಾನ ಮತ್ತು ಮನೆಗೆಲಸದವಳ ಪ್ರೇಮವನ್ನು ಎಷ್ಟು ಸಲೀಸಾಗಿ ನುಂಗಿದ್ದೇವೆ ಎಂದು ನೆನೆದರೆ ಈ ಪುಸ್ತಕದ ಬೆಲೆ ತಿಳಿಯುತ್ತದೆ. ಮಲಗುವ ಕೋಣೆಯ ದೃಶ್ಯಗಳು ಮುಚ್ಚುಮರೆಯಿಲ್ಲದೆ ಇವೆ ಎಂಬುದನ್ನೂ ಹೊಸ ಓದುಗರಿಗೆ ಮೊದಲೇ ಹೇಳಬೇಕು.

ಪ್ರಕಾಶನದ ಕಥೆ ಚಿಕ್ಕದು. 2009ರಲ್ಲಿ ಅಮೆರಿಕದ ರನ್ನಿಂಗ್ ಪ್ರೆಸ್ ಇಂಥ ಕಾದಂಬರಿಗಳ ಮುದ್ರಿತ ಮಾಲೆಯೊಂದನ್ನು ಶುರುಮಾಡಿತು. ಆ ದಿನಗಳಲ್ಲಿ ಇವನ್ನು ಹೆಚ್ಚಾಗಿ ಸಾಕಿದ್ದು ಇ-ಪುಸ್ತಕದ ಸಣ್ಣ ಸಂಸ್ಥೆಗಳು. 2016ರ ಹೊತ್ತಿಗೆ ಸೆಬಾಸ್ಟಿಯನ್‌ರನ್ನು ಹಾರ್ಪರ್‌ಕಾಲಿನ್ಸ್‌ನ ಏವನ್ ಎತ್ತಿಕೊಂಡಿತು. ಈಗ ವಿಮಾನ ನಿಲ್ದಾಣದ ಅಂಗಡಿಯಲ್ಲೂ ಇವು ಮುಖ ತೋರಿಸಿಕೊಂಡು ನಿಲ್ಲುತ್ತವೆ.

ನಮಗೂ ಈ ಲೋಕಕ್ಕೂ ಇರುವ ನಂಟು ಕಾನೂನಿನದು. ಇಂಗ್ಲೆಂಡ್ 1861ರಲ್ಲಿ ಈ ‘ಅಪರಾಧ’ಕ್ಕೆ ಮರಣದಂಡನೆಯನ್ನು ಕೈಬಿಟ್ಟಿತು. ಅದಕ್ಕೆ ಒಂದು ವರ್ಷ ಮೊದಲು ಅದೇ ದೊರೆಗಳು ನಮಗೆ ದಂಡಸಂಹಿತೆಯ 377ನೇ ಕಲಮನ್ನು ಬರೆದುಕೊಟ್ಟರು, 1862ರಿಂದ ಅದು ಜಾರಿಗೆ ಬಂತು. ತಮ್ಮ ನಾಡಿನಲ್ಲಿ ಅವರು 1967ರಲ್ಲಿ ಕಾನೂನು ಸಡಿಲಿಸಿದ ಮೇಲೂ ನಾವು ಅದನ್ನು ಹೊತ್ತುಕೊಂಡಿದ್ದೆವು. ಸುಪ್ರೀಂ ಕೋರ್ಟು ಅದರ ಹಲ್ಲು ಕಿತ್ತದ್ದು 2018ರ ಸೆಪ್ಟೆಂಬರ್ 6ರಂದು. ಚಾರ್ಲ್ಸ್‌ರ ‘ಅನ್‌ಫಿಟ್ ಟು ಪ್ರಿಂಟ್’ (2018) ಓದುವಾಗ ಈ ನಂಟು ನೆನಪಾಗುತ್ತದೆ. ಅದರ ನಾಯಕರಲ್ಲಿ ಒಬ್ಬ ವಿಕ್ರಮ್ ಪಾಂಡೆ, ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ವಕೀಲ. ಕಾಣೆಯಾದ ಒಬ್ಬ ಭಾರತೀಯ ಹುಡುಗನನ್ನು ಹುಡುಕುತ್ತಾ ಅವನು ಅಶ್ಲೀಲ ಪುಸ್ತಕಗಳಿಗೆ ಕುಖ್ಯಾತವಾಗಿದ್ದ ಹಾಲಿವೆಲ್ ಬೀದಿಗೆ ಬರುತ್ತಾನೆ, ಅಲ್ಲಿ ಶಾಲೆಯ ದಿನಗಳ ಜೀವದ ಗೆಳೆಯ ಗಿಲ್ ಅಂಗಡಿ ಇಟ್ಟುಕೊಂಡಿರುತ್ತಾನೆ. ಕಾನೂನನ್ನು ಪ್ರೀತಿಸುವ ಭಾರತೀಯನೊಬ್ಬ ಅದೇ ಕಾನೂನು ತನ್ನನ್ನು ಏನೆಂದು ಕರೆಯುತ್ತದೆ ಎಂದು ಎದುರಿಸಬೇಕಾಗುತ್ತದೆ.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಹಾಗಾಗಿ ಮದುವೆಯಿಲ್ಲದೆ ಕಥೆಯನ್ನು ಮುಗಿಸುವುದು ಹೇಗೆ ಎಂಬುದು ನಮ್ಮಲ್ಲಿ ಇವತ್ತಿನ ಪ್ರಶ್ನೆ. ಬೆಂಗಳೂರಿನಲ್ಲಿ ಮನೆ ಹುಡುಕುವ ಇಬ್ಬರು ಗಂಡಸರು ಓನರ್ ಮುಂದೆ ‘ಕಸಿನ್’ ಎಂದೋ ‘ಆಫೀಸಿನ ಫ್ರೆಂಡು’ ಎಂದೋ ಹೇಳಿ ಅಡ್ವಾನ್ಸ್ ಕೊಡುತ್ತಾರೆ. ಜಾರ್ಜಿ ಟರ್ನರ್‌ನ ಕಾರ್ಯದರ್ಶಿ ವೇಷ, ಜಾರ್ಜ್ ಮೆರಿಲ್‌ನ ಆಳಿನ ಹೆಸರು ನಮ್ಮ ಬೀದಿಯಲ್ಲೇ ಬಾಡಿಗೆ ಕರಾರಿಗೆ ಸಹಿ ಹಾಕುತ್ತಿವೆ.

ಕನ್ನಡದಲ್ಲಿ ವಸುಧೇಂದ್ರ ಅವರ ‘ಮೋಹನಸ್ವಾಮಿ’ (2013) ಬಂದು ಗೇ ಬದುಕಿನ ನೋವು, ಅವಮಾನ, ಒಂಟಿತನವನ್ನು ಒಳಗಿನ ದನಿಯಲ್ಲಿ ಹೇಳಿತು. ಆ ಪುಸ್ತಕ ಮೊದಲು ಬರಬೇಕಿತ್ತು, ಬಂತು. ಅದೇ ಲೇಖಕರ ‘ತೇಜೋ-ತುಂಗಭದ್ರಾ’ (2019) ಚಾರಿತ್ರಿಕ ಕಾದಂಬರಿಗೆ ಇಂದೂ ಎಷ್ಟು ಓದುಗರಿದ್ದಾರೆ ಎಂದು ತೋರಿಸಿತು. ಇನ್ನು ಹಗುರ ಪ್ರಣಯವೆಂದರೆ ನಮಗೆ ಹೊಸದೇ? ಉಷಾ ನವರತ್ನರಾಂ, ಸಾಯಿಸುತೆಯವರನ್ನು ವಾರಪತ್ರಿಕೆಯ ಧಾರಾವಾಹಿಗಳಲ್ಲಿ, ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಕಾದು ಕಾದು ಓದಿದ ಜನ ನಾವು. ಕೊನೆಗೆ ಒಳ್ಳೆಯದಾಗುತ್ತದೆ ಎಂದು ತಿಳಿದೇ ಓದುವ ಸುಖ ನಮ್ಮ ಅಮ್ಮಂದಿರಿಗೆ ಚೆನ್ನಾಗಿ ಗೊತ್ತಿತ್ತು. ಈ ಮೂರು ಎಳೆಗಳು ಸೇರಿದ ಪುಸ್ತಕವೊಂದನ್ನು ಕನ್ನಡದಲ್ಲಿ ಓದಬೇಕೆಂದು ನನಗೆ ಬಹಳ ದಿನದಿಂದ ಆಸೆ.

ಅದು ಮಲೆನಾಡಿನ ಕಾಫಿ ತೋಟವೊಂದರಲ್ಲಿ, ಬಿಳಿಯ ದೊರೆಗಳಿದ್ದ ಕಾಲದಲ್ಲಿ ನಡೆಯಲಿ. ತೋಟದ ರೈಟರು ಒಬ್ಬ. ಲೆಕ್ಕದಲ್ಲಿ ಬಲು ಚೊಕ್ಕ, ಒಂದಿಷ್ಟು ಸಿಡುಕ. ಇನ್ನೊಬ್ಬ ಯಕ್ಷಗಾನ ಮೇಳದ ಭಾಗವತ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯವರೆಗೆ ಮೇಳಕ್ಕೆ ತಿರುಗಾಟವಿಲ್ಲ. ಘಟ್ಟ ಹತ್ತಿ ಬಂದವನು ಮಳೆಗೆ ಸಿಕ್ಕಿ ತೋಟದಲ್ಲಿ ನಿಲ್ಲುತ್ತಾನೆ. ಯಾರ ಕೈಯ ಅಡುಗೆಯನ್ನು ಯಾರು ಉಣ್ಣಬೇಕು ಎಂಬ ಜಾತಿಯ ಪ್ರಶ್ನೆ ಮೊದಲ ರಾತ್ರಿಯೇ ಎದುರಾಗುತ್ತದೆ, ಇಂಗ್ಲೆಂಡಿನ ಲೇಖಕಿಯರಿಗೆ ಗೊತ್ತಿಲ್ಲದ ಗೋಡೆ ಅದು. ಮೊದಲ ವರ್ಷ ಭಾಗವತರು ಕೂಲಿಲೈನಿನ ಮಕ್ಕಳಿಗೆ ತಾಳ ಕಲಿಸಲು ನಿಂತಿದ್ದಾರೆ ಎಂದರೆ ಮೇಸ್ತ್ರಿ ತಲೆಯಾಡಿಸಿಯಾನು. ಎರಡನೆಯ ವರ್ಷ ನೆಗಡಿ ಜ್ವರದ ನೆಪ ಸಾಕು. ಮೂರನೆಯ ವರ್ಷ ಮೇಳದ ಯಜಮಾನರಿಂದ ಕರೆ ಬಂದಾಗ ಭಾಗವತ ಹೊರಡಬಾರದು. ಅಷ್ಟರೊಳಗೆ ರೈಟರು ದೊರೆಗೆ ಒಂದು ಅರ್ಜಿ ಬರೆಯಬೇಕು: ಮಳೆಯ ಇಂಚು ಅಳೆದು ಬರೆದಿಡಲು, ಮಸ್ಟರ್ ರೋಲ್ ನಕಲು ಮಾಡಲು ತನಗೊಬ್ಬ ಗುಮಾಸ್ತ ಬೇಕು, ವಾಸಕ್ಕೆ ಬೇರೆ ಮನೆ ಬೇಡ, ತನ್ನ ಕ್ವಾರ್ಟರ್ಸಿನ ಹಿಂದಿನ ಕೋಣೆ ಖಾಲಿಯಿದೆ. ಆ ಅರ್ಜಿಯನ್ನು ಅವನು ಎಷ್ಟು ಸಲ ಹರಿದು ಬರೆದ, ದೊರೆ ಅದರ ಅಂಚಿನಲ್ಲಿ ಏನು ಷರಾ ಬರೆದ ಎಂಬ ಅಧ್ಯಾಯವನ್ನು ಯಾರಾದರೂ ಬರೆದರೆ ನಾನು ಒಂದೇ ಪಟ್ಟಿಗೆ ಓದಿ ಮುಗಿಸುತ್ತೇನೆ.